ಶಿಕ್ಷೆಗೊಂದು ಕೆಳಮಿತಿ

ಕೂಟಗಲ್, ಕೈಲಾಂಚ, ಬಿಡದಿ ಹೋಬಳಿಗಳ ಜನರಿಗೆ ರಾಮನಗರದ ಬಂಡೆಬೆಟ್ಟಗಳು ದಿನನಿತ್ಯದ ನೋಟ. 1973ರಲ್ಲಿ ಈ ಬಂಡೆಗಳ ಮಗ್ಗುಲಲ್ಲಿ ಒಂದು ಹಳ್ಳಿಯನ್ನೇ ಕಟ್ಟಿ ‘ಶೋಲೆ’ ಎಂಬ ಹಿಂದಿ ಚಲನಚಿತ್ರದ ಚಿತ್ರೀಕರಣ ಆರಂಭಿಸಲಾಯಿತು. 1975ರ ಆಗಸ್ಟ್ 15ರಂದು ಅದು ತೆರೆ ಕಂಡಿತು. ಡಕಾಯಿತನೊಬ್ಬನನ್ನು ಪೊಲೀಸ್ ಅಧಿಕಾರಿ ಹಿಡಿದು ಸೆರೆಮನೆಗೆ ಕಳುಹಿಸುತ್ತಾನೆ. ಆತ ತಪ್ಪಿಸಿಕೊಂಡು ಬಂದು ಅಧಿಕಾರಿಯ ಮನೆಮಂದಿಯಲ್ಲಿ ಹೆಚ್ಚಿನವರನ್ನು ಕೊಲ್ಲುತ್ತಾನೆ. ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ನೊಂದ ಅಧಿಕಾರಿಯೇ ಡಕಾಯಿತನನ್ನು ಕೊಂದು ಸೇಡು ತೀರಿಸಿಕೊಳ್ಳುತ್ತಿದ್ದ. ಸೆನ್ಸಾರ್ ಮಂಡಳಿ ಅದಕ್ಕೆ ಒಪ್ಪದ ಕಾರಣ, ಪೊಲೀಸರು ಬಂದು ಅಪರಾಧಿಯನ್ನು ವಶಕ್ಕೆ ತೆಗೆದುಕೊಳ್ಳುವಂತೆ ಅಂತ್ಯವನ್ನು ಬದಲಿಸಲಾಯಿತು. ಮೂಲ ಅಂತ್ಯವುಳ್ಳ ಆವೃತ್ತಿ ಐವತ್ತು ವರ್ಷಗಳ ಬಳಿಕ, 2025ರಲ್ಲಿ, ದೊಡ್ಡ ತೆರೆಯ ಮೇಲೆ ಪ್ರದರ್ಶನಗೊಂಡಿತು.

ಸೇಡು ಬೇಡ, ಕಾನೂನಿಗೆ ಒಪ್ಪಿಸು ಎಂಬುದು ನಾಗರಿಕ ಸಮಾಜದ ಮೊದಲ ಪಾಠ. ಆದರೆ ಒಪ್ಪಿಸಿದ ಮೇಲೆ ಮುಂದೇನು? ಮನೆಯವರನ್ನು ಕಳೆದುಕೊಂಡವನಿಗೆ ಕಾನೂನು ಎಷ್ಟು ವರ್ಷಗಳ ಭರವಸೆ ಕೊಡುತ್ತದೆ? ಆ ವರ್ಷಗಳನ್ನು ಗೊತ್ತುಪಡಿಸುವವರು ಯಾರು, ಕಡಿಮೆ ಮಾಡುವವರು ಯಾರು? ಘೋರ ಅಪರಾಧಗಳಿಗೆ ‘ಇದಕ್ಕಿಂತ ಕಡಿಮೆ ಕೂಡದು’ ಎಂದು ಕಾನೂನೇ ಗೆರೆ ಎಳೆಯುವ ಪದ್ಧತಿಗೆ ನಮ್ಮಲ್ಲಿ ಒಂದು ದೀರ್ಘ ಚರಿತ್ರೆಯಿದೆ. ಅದರ ಕೆಲವು ಮುಖ್ಯ ಅಧ್ಯಾಯಗಳು ಕರ್ನಾಟಕದಲ್ಲಿಯೇ ನಡೆದಿವೆ.

ಹಿಂದಿನ ಕಾಲದಲ್ಲಿ ಶಿಕ್ಷೆಯ ಅವಧಿ ಅರಸನ ಮನಸ್ಸನ್ನು ಅವಲಂಬಿಸಿತ್ತು. ಮಾಗಡಿ ಸೀಮೆಗೆ ಪರಿಚಿತವಾದ ಕೆಂಪೇಗೌಡರ ವೃತ್ತಾಂತವೇ ಇದಕ್ಕೆ ನಿದರ್ಶನ. ಅನುಮತಿಯಿಲ್ಲದೆ ನಾಣ್ಯ ಟಂಕಿಸಿದರೆಂಬ ಕಾರಣಕ್ಕೆ ವಿಜಯನಗರದ ಪ್ರಭುತ್ವ ಅವರನ್ನು ಆನೆಗೊಂದಿಯಲ್ಲಿ ಸುಮಾರು ಐದು ವರ್ಷ ಸೆರೆಯಲ್ಲಿಟ್ಟಿತೆಂದೂ, ದಂಡ ತೆತ್ತ ಮೇಲೆ ಬಿಡುಗಡೆ ಮಾಡಿ ನಾಡನ್ನು ಹಿಂದಿರುಗಿಸಿತೆಂದೂ ಪರಂಪರೆ ಹೇಳುತ್ತದೆ. ಐದೇ ವರ್ಷ ಏಕೆ, ಎರಡು ಅಥವಾ ಹತ್ತು ಏಕಲ್ಲ ಎಂಬುದಕ್ಕೆ ಉತ್ತರ ಯಾವ ಶಾಸ್ತ್ರಗ್ರಂಥದಲ್ಲಿಯೂ ಇರಲಿಲ್ಲ. ಪ್ರಭುವಿನ ಕೋಪ ತಣಿದಾಗ ಸೆರೆ ಮುಗಿಯಿತು.

ಇಂತಹ ಕೋಪಕ್ಕೆ ಕಡಿವಾಣ ಹಾಕುವುದೇ ಪ್ರಾಚೀನ ಧರ್ಮಶಾಸನಗಳ ಮೊದಲ ಉದ್ದೇಶವಾಗಿತ್ತು. ‘ಕಣ್ಣಿಗೆ ಕಣ್ಣು’ ಎಂಬ ಮೋಶೆಯ ನಿಯಮವನ್ನು ನಾವು ಕ್ರೌರ್ಯದ ಮಾತೆಂದು ಭಾವಿಸುವುದುಂಟು. ಒಂದು ಕಣ್ಣಿಗೆ ಪ್ರತಿಯಾಗಿ ಒಂದು ಕುಲವನ್ನೇ ಕಡಿಯುತ್ತಿದ್ದ ಕಾಲದಲ್ಲಿ ಅದು ‘ಒಂದಕ್ಕಿಂತ ಹೆಚ್ಚು ಕೂಡದು’ ಎಂಬ ಮೇಲ್ಮಿತಿಯಾಗಿತ್ತು. ಕಾನೂನಿಗೆ ಮೊದಲು ಬೇಕಾದದ್ದು ಮೇಲ್ಮಿತಿ. ಕೆಳಮಿತಿಯ ಚಿಂತೆ ಬಂದದ್ದು ಬಹಳ ತಡವಾಗಿ.

1860ರ ಭಾರತೀಯ ದಂಡ ಸಂಹಿತೆಯೂ ಬಹುಮಟ್ಟಿಗೆ ಮೇಲ್ಮಿತಿಗಳ ಗ್ರಂಥವೇ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಕಾಲದಲ್ಲಿ ಅದು ನಮ್ಮ ಸೀಮೆಗೂ ಬಂದಿತು. ಈ ಅಪರಾಧಕ್ಕೆ ಮೂರು ವರ್ಷದವರೆಗೆ, ಅದಕ್ಕೆ ಹತ್ತು ವರ್ಷದವರೆಗೆ ಎಂದು ಹೇಳಿ, ಒಳಗಿನ ಲೆಕ್ಕವನ್ನು ಅದು ನ್ಯಾಯಾಧೀಶರ ವಿವೇಕಕ್ಕೆ ಬಿಟ್ಟಿತು. ಕೆಳಮಿತಿ ಹೇಳಿದ್ದು ಬೆರಳೆಣಿಕೆಯ ಕಡೆ ಮಾತ್ರ. ಸುಲಿಗೆ ಅಥವಾ ದರೋಡೆಯ ವೇಳೆ ಮಾರಕಾಯುಧ ಬಳಸಿದವನಿಗೆ 397ನೇ ಕಲಂ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ವಿಧಿಸಿತು. ಕೊಲೆಗೆ 302ನೇ ಕಲಂ ಕೊಟ್ಟದ್ದು ಎರಡೇ ಆಯ್ಕೆ: ಮರಣದಂಡನೆ, ಇಲ್ಲವೇ ಜೀವಾವಧಿ. ಜೀವಾವಧಿ ಶಿಕ್ಷೆಯಲ್ಲಿರುವವನು ಮತ್ತೆ ಕೊಲೆ ಮಾಡಿದರೆ 303ನೇ ಕಲಂ ಪ್ರಕಾರ ಮರಣದಂಡನೆಯೊಂದೇ ಗತಿ.

ಇಲ್ಲೊಂದು ತೊಡಕು ಹುಟ್ಟಿತು. ಜೀವಾವಧಿ ಎಂದರೆ ಎಷ್ಟು? ಬ್ರಿಟಿಷರ ಕಾಲದಲ್ಲಿ ಅದು ಅಂಡಮಾನಿನ ಕರಿನೀರಿನ ಶಿಕ್ಷೆಯಾಗಿತ್ತು. 1955ರ ತಿದ್ದುಪಡಿ ಅದನ್ನು ಕೈಬಿಟ್ಟು ‘ಜೀವಾವಧಿ ಕಾರಾವಾಸ’ ಎಂದು ಬದಲಿಸಿತು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೇಳುವವರಿದ್ದಾರೆ. ಇಪ್ಪತ್ತು ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಗಾಂಧೀಜಿಯವರ ಹತ್ಯೆಯ ಸಂಚಿನಲ್ಲಿ ಶಿಕ್ಷೆಗೊಳಗಾಗಿದ್ದ ಗೋಪಾಲ್ ಗೋಡ್ಸೆಯ ಅರ್ಜಿಯ ಮೇಲೆ 1961ರಲ್ಲಿ ಸುಪ್ರೀಂ ಕೋರ್ಟು, ಜೀವಾವಧಿ ಎಂದರೆ ಅಪರಾಧಿಯ ಉಳಿದ ಆಯುಷ್ಯ ಪೂರ್ತಿ ಎಂದು ಸ್ಪಷ್ಟಪಡಿಸಿತು. ಆದರೆ ಶಿಕ್ಷೆಯನ್ನು ಮಾಫಿ ಮಾಡುವ ಅಧಿಕಾರ ಸರ್ಕಾರದ ಕೈಯಲ್ಲಿತ್ತು. ಸನ್ನಡತೆಗೆ ಇಷ್ಟು ದಿನ, ಸೆರೆಮನೆಯ ದುಡಿಮೆಗೆ ಇಷ್ಟು ದಿನ, ರಾಷ್ಟ್ರೀಯ ಹಬ್ಬಕ್ಕೆ ಇಷ್ಟು ದಿನ ಎಂದು ಕಳೆಯುತ್ತಾ ಹೋದಂತೆ, ಆಯುಷ್ಯ ಪೂರ್ತಿ ಎಂದು ಬರೆದ ಶಿಕ್ಷೆ ಕೆಲವೇ ವರ್ಷಗಳಲ್ಲಿ ಮುಗಿಯುವುದಕ್ಕೆ ಅವಕಾಶವಿತ್ತು.

ಈ ಸಡಿಲತೆಗೆ ಉತ್ತರವಾಗಿ 1978ರಲ್ಲಿ ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಗೆ ‘433ಎ’ ಎಂಬ ಕಲಮನ್ನು ಸೇರಿಸಿತು. ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಪಡೆದವರು, ಗಲ್ಲು ತಪ್ಪಿ ಜೀವಾವಧಿಗೆ ಬಂದವರು, ಕನಿಷ್ಠ ಹದಿನಾಲ್ಕು ವರ್ಷ ನಿಜವಾಗಿ ಸೆರೆಯಲ್ಲಿ ಕಳೆಯದೆ ಹೊರಬರುವಂತಿಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ಪ್ರಶ್ನಿಸಿ ಕೈದಿಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1980ರ ಮಾರುರಾಮ್ ಪ್ರಕರಣದಲ್ಲಿ ಸಂವಿಧಾನ ಪೀಠ ಕಲಮನ್ನು ಎತ್ತಿಹಿಡಿಯಿತು. ಪ್ರಧಾನ ತೀರ್ಪು ಬರೆದವರು ಕೈದಿಗಳ ಬಗ್ಗೆ ಅಪಾರ ಕರುಣೆಯುಳ್ಳವರೆಂದು ಹೆಸರಾಗಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಎಂಬುದು ಗಮನಾರ್ಹ. ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಸಂವಿಧಾನ ಕೊಟ್ಟಿರುವ ಕ್ಷಮಾದಾನದ ಅಧಿಕಾರವನ್ನು ಈ ಕಲಂ ಮುಟ್ಟಲಾರದೆಂದೂ ಪೀಠ ಹೇಳಿತು. ‘ಜೀವಾವಧಿ ಎಂದರೆ ಹದಿನಾಲ್ಕು ವರ್ಷ’ ಎಂಬ ಜನರ ಮಾತಿಗೆ ಬಲ ಬಂದದ್ದು ಈ ಕಲಮಿನಿಂದಲೇ. ಅದು ಬಿಡುಗಡೆಯ ಹಕ್ಕನ್ನು ಕೊಡುವುದಿಲ್ಲ; ಹದಿನಾಲ್ಕಕ್ಕೆ ಮುನ್ನ ಬಿಡುಗಡೆಯ ಮಾತೆತ್ತಬೇಡಿ ಎಂದಷ್ಟೇ ಹೇಳುತ್ತದೆ.

ಸರ್ಕಾರದ ಧಾರಾಳತನಕ್ಕೆ ಹೀಗೆ ಕೆಳಮಿತಿ ಬಿದ್ದರೆ, ಮುಂದಿನ ಸರದಿ ನ್ಯಾಯಾಲಯಗಳ ಧಾರಾಳತನದ್ದು. 1983ರ ತಿದ್ದುಪಡಿ ಅತ್ಯಾಚಾರಕ್ಕೆ ಏಳು ವರ್ಷ, ಹನ್ನೆರಡು ವರ್ಷದೊಳಗಿನ ಬಾಲಕಿಯ ಮೇಲಿನ ಅತ್ಯಾಚಾರದಂತಹ ಪ್ರಕರಣಗಳಿಗೆ ಹತ್ತು ವರ್ಷ ಕನಿಷ್ಠ ಶಿಕ್ಷೆ ಗೊತ್ತುಮಾಡಿತು. ಜೊತೆಗೆ ಒಂದು ಕಿಟಕಿಯನ್ನೂ ಇಟ್ಟಿತು: ಸಮರ್ಪಕವೂ ವಿಶೇಷವೂ ಆದ ಕಾರಣಗಳಿದ್ದರೆ, ಅವನ್ನು ತೀರ್ಪಿನಲ್ಲಿ ಬರೆದು ನ್ಯಾಯಾಲಯ ಕಡಿಮೆ ಶಿಕ್ಷೆ ಕೊಡಬಹುದು.

ಆ ಕಿಟಕಿ ಹೇಗೆ ಬಳಕೆಯಾಯಿತು ಎಂಬುದಕ್ಕೆ ನಮ್ಮ ರಾಜ್ಯದ ಒಂದು ಪ್ರಕರಣ ಸಾಕ್ಷಿ. ಏಳೆಂಟು ವರ್ಷದ ಬಾಲಕಿಯ ಮೇಲೆ ನಲವತ್ತೊಂಬತ್ತು ವರ್ಷದ ವ್ಯಕ್ತಿ ಅತ್ಯಾಚಾರವೆಸಗಿದ್ದ. ವಿಚಾರಣಾ ನ್ಯಾಯಾಲಯ ಹತ್ತು ವರ್ಷದ ಕಠಿಣ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ನಾಲ್ಕು ವರ್ಷಕ್ಕೆ ಇಳಿಸಿತು. ಕೊಟ್ಟ ಕಾರಣಗಳು: ಅಪರಾಧಿ ಅನಕ್ಷರಸ್ಥ, ದುರ್ಬಲ ವರ್ಗಕ್ಕೆ ಸೇರಿದವನು, ಕುಡಿತದ ಚಟವುಳ್ಳವನು, ಅವನನ್ನೇ ನಂಬಿದ ವೃದ್ಧ ತಾಯಿ, ಹೆಂಡತಿ, ಮಕ್ಕಳಿದ್ದಾರೆ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಮಾರ್ಚಿನಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರಿದ್ದ ಪೀಠ ಹತ್ತು ವರ್ಷದ ಶಿಕ್ಷೆಯನ್ನು ಮರುಸ್ಥಾಪಿಸಿತು. ಜಾತಿ, ಧರ್ಮ, ಸಾಮಾಜಿಕ ಸ್ಥಿತಿ ಇಂತಹ ಅಪರಾಧದಲ್ಲಿ ಶಿಕ್ಷೆ ಇಳಿಸಲು ಕಾರಣವಾಗಲಾರವೆಂದು ಅದು ಹೇಳಿತು.

ಕಾರಣಗಳ ಆ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಅದರಲ್ಲಿ ಬಾಲಕಿಯೇ ಇಲ್ಲವೆಂಬುದು ಗೋಚರಿಸುತ್ತದೆ. ಕನಿಷ್ಠ ಶಿಕ್ಷೆಯ ಪರವಾದ ಅತ್ಯಂತ ಬಲವಾದ ವಾದ ಇಲ್ಲಿದೆ. ಕಟಕಟೆಯಲ್ಲಿ ನಿಂತವನ ಮುಖ ನ್ಯಾಯಾಧೀಶರಿಗೆ ಕಾಣುತ್ತದೆ. ಅವನ ಮನೆಯವರ ಕಣ್ಣೀರೂ ಕಾಣುತ್ತದೆ. ನೊಂದವಳು ವರ್ಷಗಳ ಹಿಂದೆ ಒಂದು ದಿನ ಸಾಕ್ಷಿ ನುಡಿದು ಮನೆಗೆ ಹೋಗಿರುತ್ತಾಳೆ. ಕಣ್ಣೆದುರಿಗಿಲ್ಲದ ಅವಳ ಪರವಾಗಿ ಕಾನೂನು ಮುಂಚಿತವಾಗಿಯೇ ಆಡಿಟ್ಟ ಮಾತು ಈ ಕೆಳಮಿತಿ.

ಆದರೆ ಕಾನೂನು ಮುಂಚಿತವಾಗಿ ಎಲ್ಲವನ್ನೂ ಆಡಿ ಮುಗಿಸಲಾರದು. ನ್ಯಾಯಾಧೀಶರಿಗೆ ಯಾವ ಆಯ್ಕೆಯನ್ನೂ ಬಿಡದ 303ನೇ ಕಲಮನ್ನು 1983ರ ಏಪ್ರಿಲ್‌ನಲ್ಲಿ, ಮಿಟ್ಟೂ ಎಂಬಾತನ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ನೇತೃತ್ವದ ಪೀಠ ಅಸಾಂವಿಧಾನಿಕವೆಂದು ರದ್ದುಪಡಿಸಿತು. ಒಬ್ಬ ಮನುಷ್ಯ ಏಕೆ ಹಾಗೆ ಮಾಡಿದ, ಯಾವ ಸನ್ನಿವೇಶದಲ್ಲಿ ಮಾಡಿದ ಎಂಬುದನ್ನು ಕೇಳಿಸಿಕೊಳ್ಳುವುದಕ್ಕೂ ಅವಕಾಶವಿಲ್ಲದೆ ಪ್ರಾಣ ತೆಗೆಯುವ ವಿಧಾನ ನ್ಯಾಯಸಮ್ಮತವಲ್ಲ ಎಂಬುದು ಪೀಠದ ನಿಲುವು. ಒಂದೇ ವರ್ಷದಲ್ಲಿ ಸಂಸತ್ತು ಒಂದು ಕಡೆ ಕೆಳಮಿತಿಯನ್ನು ಕಟ್ಟಿತು. ನ್ಯಾಯಾಲಯ ಇನ್ನೊಂದು ಕಡೆ, ಮಿತಿಯ ಹೆಸರಿನಲ್ಲಿ ಎಲ್ಲ ಬಾಗಿಲುಗಳನ್ನೂ ಮುಚ್ಚುವಂತಿಲ್ಲವೆಂದು ತಡೆಯಿತು. ಈ ಎರಡು ಎಳೆಗಳ ನಡುವಿನ ಜಗ್ಗಾಟವೇ ಮುಂದಿನ ಚರಿತ್ರೆ.

ಅದರ ಬಹುಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ಬೆಂಗಳೂರಿನ ರಿಚ್‌ಮಂಡ್ ರಸ್ತೆಯ ಒಂದು ಮನೆಯಿಂದ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರ ಮೇ ತಿಂಗಳಲ್ಲಿ ಕಾಣೆಯಾದರು. ಆಕೆಯ ಎರಡನೆಯ ಪತಿ, ಸ್ವಾಮಿ ಶ್ರದ್ಧಾನಂದನೆಂದು ಕರೆದುಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರ, ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳುತ್ತಾ ಮೂರು ವರ್ಷ ಕಳೆದ. ಮಗಳು ಪಟ್ಟುಬಿಡದೆ ಪೊಲೀಸರಿಗೆ ದೂರು ನೀಡಿದ ಫಲವಾಗಿ 1994ರ ಮಾರ್ಚಿನಲ್ಲಿ ಅದೇ ಮನೆಯ ಅಂಗಳದಲ್ಲಿ ತಾಯಿಯ ಅಸ್ಥಿಪಂಜರ ಸಿಕ್ಕಿತು. ಅಮಲು ಬರಿಸಿ, ಪೆಟ್ಟಿಗೆಯಲ್ಲಿಟ್ಟು, ಜೀವಂತ ಹೂಳಲಾಗಿತ್ತೆಂದು ನ್ಯಾಯಾಲಯಗಳು ಕಂಡುಕೊಂಡವು. 2005ರಲ್ಲಿ ಸೆಷನ್ಸ್ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತು. ಹೈಕೋರ್ಟು ಅದನ್ನು ಖಾಯಂ ಮಾಡಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತಕ್ಕೆ ಬಂದರೂ ಶಿಕ್ಷೆಯ ಬಗ್ಗೆ ಭಿನ್ನಮತ ತಾಳಿದರು.

2008ರ ಜುಲೈ 22ರಂದು ತ್ರಿಸದಸ್ಯ ಪೀಠದ ಪರವಾಗಿ ನ್ಯಾಯಮೂರ್ತಿ ಅಫ್ತಾಬ್ ಆಲಂ ಬರೆದ ತೀರ್ಪು ಹೊಸ ದಾರಿ ತೆರೆಯಿತು. ಗಲ್ಲು ಅತಿಯಾಗುತ್ತದೆ, ಆದರೆ ಹದಿನಾಲ್ಕು ವರ್ಷಕ್ಕೆ ಮುಗಿದುಹೋಗಬಹುದಾದ ಜೀವಾವಧಿ ತೀರ ಕಡಿಮೆಯಾಗುತ್ತದೆ. ಇವೆರಡೇ ಆಯ್ಕೆಗಳೆಂದರೆ ನ್ಯಾಯಾಲಯ ಮನಸ್ಸಿಲ್ಲದಿದ್ದರೂ ನೇಣಿನ ಕಡೆಗೆ ವಾಲುವ ಅಪಾಯವಿದೆ. ಆದ್ದರಿಂದ ಹದಿನಾಲ್ಕು ವರ್ಷಕ್ಕೂ ನೇಣಿಗೂ ನಡುವಿನ ವಿಶಾಲ ಅಂತರವನ್ನು ನ್ಯಾಯಾಲಯ ಬಳಸಿಕೊಳ್ಳಬೇಕು ಎಂಬುದು ಅದರ ತರ್ಕ. ಗಲ್ಲು ಹೋಗಿ, ಯಾವ ಮಾಫಿಯೂ ಇಲ್ಲದ, ಬದುಕಿರುವವರೆಗಿನ ಸೆರೆವಾಸ ಬಂದಿತು. 2015ರ ಡಿಸೆಂಬರ್‌ನಲ್ಲಿ ಸಂವಿಧಾನ ಪೀಠ ಮೂರು–ಎರಡರ ಬಹುಮತದಿಂದ ಈ ಮಾರ್ಗವನ್ನು ಒಪ್ಪಿ, ಇಂತಹ ಶಿಕ್ಷೆ ವಿಧಿಸುವ ಅಧಿಕಾರವನ್ನು ಹೈಕೋರ್ಟು ಮತ್ತು ಸುಪ್ರೀಂ ಕೋರ್ಟುಗಳಿಗೆ ಮಾತ್ರ ಸೀಮಿತಗೊಳಿಸಿತು. ಎಂಬತ್ತು ವರ್ಷ ದಾಟಿದ್ದ ಶ್ರದ್ಧಾನಂದನ ಬಿಡುಗಡೆಯ ಕೋರಿಕೆಯನ್ನು 2024ರಲ್ಲಿಯೂ ಸುಪ್ರೀಂ ಕೋರ್ಟು ಮನ್ನಿಸಲಿಲ್ಲ.

ಇದೇ ಮಾರ್ಗದಲ್ಲಿ 2022ರ ನವೆಂಬರ್‌ನಲ್ಲಿ ಉಮೇಶ್ ರೆಡ್ಡಿಯ ಗಲ್ಲು ಶಿಕ್ಷೆ ಕನಿಷ್ಠ ಮೂವತ್ತು ವರ್ಷಗಳ ಜೀವಾವಧಿಯಾಯಿತು. 1998ರಲ್ಲಿ ಬೆಂಗಳೂರಿನಲ್ಲಿ ಒಬ್ಬ ತಾಯಿಯ ಮೇಲೆ ಅತ್ಯಾಚಾರವೆಸಗಿ ಕೊಂದವನು ಆತ. ಆದರೂ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿಯನ್ನು ತಿರಸ್ಕರಿಸುವುದಕ್ಕೆ ಮುನ್ನವೇ, 2006ರಿಂದ, ಬೆಳಗಾವಿಯ ಸೆರೆಮನೆಯಲ್ಲಿ ಅವನನ್ನು ಒಂಟಿಸೆರೆಯಲ್ಲಿಟ್ಟದ್ದು ಕಾನೂನುಬಾಹಿರವೆಂದು ನ್ಯಾಯಾಲಯ ಕಂಡಿತು. ಎಂತಹ ಅಪರಾಧಿಯೇ ಆಗಲಿ, ತೀರ್ಪಿನಲ್ಲಿ ಬರೆಯದ ಶಿಕ್ಷೆಯನ್ನು ಆತ ಅನುಭವಿಸಬೇಕಾಗಿಲ್ಲ ಎಂಬ ತತ್ತ್ವ ಇದರಲ್ಲಿ ಅಡಗಿದೆ. ಕೆಳಮಿತಿಯನ್ನು ಕೇಳುವ ಸಮಾಜ ಮೇಲ್ಮಿತಿಯನ್ನು ಮರೆಯುವಂತಿಲ್ಲ.

ಇನ್ನು 1983ರಲ್ಲಿ ಇಟ್ಟ ಆ ಕಿಟಕಿಯ ಗತಿಯೇನಾಯಿತು? ದೆಹಲಿಯ ಬಸ್ಸಿನಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಘೋರ ಕೃತ್ಯದ ಬಳಿಕ, 2013ರ ತಿದ್ದುಪಡಿ ಅದನ್ನು ಮುಚ್ಚಿತು. 2018ರಲ್ಲಿ ಏಳು ವರ್ಷದ ಕನಿಷ್ಠ ಶಿಕ್ಷೆ ಹತ್ತಕ್ಕೇರಿತು. ಹದಿನಾರರ ಒಳಗಿನ ಬಾಲಕಿಯರ ವಿಷಯದಲ್ಲಿ ಇಪ್ಪತ್ತಕ್ಕೇರಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇವನ್ನೇ ಮುಂದುವರಿಸಿದೆ. ಹದಿನೆಂಟರ ಒಳಗಿನ ಮಕ್ಕಳ ರಕ್ಷಣೆಗೆ 2012ರಲ್ಲಿ ಬಂದ ಪೋಕ್ಸೋ ಕಾಯ್ದೆಯ ಕನಿಷ್ಠ ಶಿಕ್ಷೆಗಳೂ 2019ರಲ್ಲಿ ಏರಿದವು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೇರೊಂದು ಬಗೆಯ ಉಸಿರುಗಟ್ಟುವಿಕೆ ಶುರುವಾಯಿತು. ಹದಿನೇಳರ ಹುಡುಗಿಯೊಬ್ಬಳು 2017ರಲ್ಲಿ ತಾನು ಮೆಚ್ಚಿದವನೊಡನೆ ಮನೆ ಬಿಟ್ಟು ಹೋದಳು. ದೂರು ದಾಖಲಾಯಿತು. ಮುಂದೆ ಅವರಿಬ್ಬರೂ ಮದುವೆಯಾಗಿ ಮಕ್ಕಳನ್ನೂ ಪಡೆದರು. ಪ್ರಕರಣ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದಾಗ, ನೆಲದ ವಾಸ್ತವವನ್ನು ಗಮನಿಸಿ ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡಬೇಕೆಂದು ಪೀಠ 2022ರ ನವೆಂಬರ್‌ನಲ್ಲಿ ಕಾನೂನು ಆಯೋಗವನ್ನು ಕೋರಿತು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ರಿತುರಾಜ್ ಅವಸ್ಥಿಯವರ ಅಧ್ಯಕ್ಷತೆಯ ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ತನ್ನ 283ನೇ ವರದಿಯನ್ನು ಕೊಟ್ಟಿತು. ವಯಸ್ಸನ್ನು ಇಳಿಸುವುದು ಬೇಡ, ಆದರೆ ಹದಿನಾರರಿಂದ ಹದಿನೆಂಟರ ನಡುವಿನವರ ಮೌನಸಮ್ಮತಿಯಿದ್ದ ಪ್ರಕರಣಗಳಲ್ಲಿ ಶಿಕ್ಷೆ ಇಳಿಸುವ ಮಾರ್ಗದರ್ಶಿತ ವಿವೇಚನೆ ನ್ಯಾಯಾಧೀಶರಿಗೆ ಇರಲಿ ಎಂಬುದು ಅದರ ಶಿಫಾರಸು. ಅಂದರೆ ಮುಚ್ಚಿದ ಕಿಟಕಿಯನ್ನು ಸ್ವಲ್ಪವೇ ತೆರೆಯಬೇಕೆಂಬ ಸಲಹೆ.

ಹೊರದೇಶಗಳ ಅನುಭವವೂ ಇದಕ್ಕೆ ಹೊರತಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಾಸದ ಮನೆಯಿಂದ ನಲವತ್ತು ಶಿಲಿಂಗ್ ಬೆಲೆಯ ವಸ್ತು ಕದ್ದವನಿಗೆ ಮರಣದಂಡನೆಯಿತ್ತು. ಜೂರಿಗಳು ಏನು ಮಾಡಿದರು? ಕದ್ದ ಮಾಲಿನ ಬೆಲೆ ಮೂವತ್ತೊಂಬತ್ತು ಶಿಲಿಂಗ್ ಎಂದು ಬರೆದು ಕಳ್ಳನ ಪ್ರಾಣ ಉಳಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾ 1994ರಲ್ಲಿ, ಹಿಂದೆ ಎರಡು ಗಂಭೀರ ಅಪರಾಧ ಮಾಡಿದವರು ಮೂರನೆಯ ಸಲ ಸಿಕ್ಕಿಬಿದ್ದರೆ ಇಪ್ಪತ್ತೈದು ವರ್ಷದಿಂದ ಜೀವಾವಧಿ ಎಂಬ ಕಾನೂನು ತಂದಿತು. ಮೂರು ಗಾಲ್ಫ್ ದಾಂಡುಗಳನ್ನು ಕದ್ದವನೊಬ್ಬನಿಗೂ ಅದೇ ಶಿಕ್ಷೆಯಾಯಿತು; 2003ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಳತೆ ಮೀರಿದ ಕಾನೂನು ಒಂದು ಕಡೆ ಸುಳ್ಳಾಡಲು ಕಲಿಸಿತು, ಇನ್ನೊಂದು ಕಡೆ ಅನ್ಯಾಯಕ್ಕೆ ಒಗ್ಗಿಕೊಳ್ಳಲು ಕಲಿಸಿತು.

ಈ ಚರಿತ್ರೆಯಿಂದ ನಾವು ಗ್ರಹಿಸಬಹುದಾದುದು ಇಷ್ಟು. ವಿವೇಚನೆಯುಳ್ಳವರು ಅದನ್ನು ನೊಂದವರನ್ನು ಮರೆತು ಬಳಸಿದಾಗಲೆಲ್ಲ ಕೆಳಮಿತಿ ಹುಟ್ಟಿದೆ. ಕೆಳಮಿತಿ ವಿವೇಚನೆಯನ್ನೇ ನುಂಗಿದಾಗಲೆಲ್ಲ ಬೇರೊಬ್ಬ ನಿರಪರಾಧಿಗೆ, ಇಲ್ಲವೇ ಸಣ್ಣ ಅಪರಾಧಿಗೆ, ಪೆಟ್ಟು ಬಿದ್ದಿದೆ. ಘೋರ ಹಿಂಸೆಗೆ ಕನಿಷ್ಠ ಶಿಕ್ಷೆ ಇರಲೇಬೇಕು. ಅದರಿಂದ ಇಳಿಯುವ ಮೆಟ್ಟಿಲು ಕಿರಿದಾಗಿರಬೇಕು, ಕಾರಣಗಳು ಬರಹದಲ್ಲಿರಬೇಕು, ಮೇಲಿನ ನ್ಯಾಯಾಲಯ ಅವನ್ನು ತೂಗುವಂತಿರಬೇಕು. ಹತ್ತು ವರ್ಷವನ್ನು ನಾಲ್ಕಕ್ಕೆ ಇಳಿಸಿದ ಕಾರಣಗಳು ಬರಹದಲ್ಲಿದ್ದುದರಿಂದಲೇ 2000ದಲ್ಲಿ ಅವನ್ನು ಪರಿಶೀಲಿಸಿ ತಿದ್ದಲು ಸಾಧ್ಯವಾಯಿತು ಎಂಬುದನ್ನು ನೆನೆಯೋಣ.

ಇನ್ನೊಂದು ಸಂಗತಿ ನಮ್ಮ ಊರುಗಳಿಗೇ ಸೇರಿದ್ದು. ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಅಪರಾಧವನ್ನು ತಡೆಯುತ್ತದೆಂದು ಇಟಲಿಯ ಚಿಂತಕ ಬೆಕಾರಿಯ 1764ರಲ್ಲಿಯೇ ಬರೆದ. ಸಾಕ್ಷಿ ಹೇಳುವವರಿಲ್ಲದೆ ಪ್ರಕರಣ ಬಿದ್ದುಹೋದರೆ ಕಾನೂನಿನಲ್ಲಿ ಹತ್ತು ವರ್ಷವಿದ್ದರೇನು, ಇಪ್ಪತ್ತಿದ್ದರೇನು? ಕಣ್ಣಾರೆ ಕಂಡವರು ‘ನಮಗೇಕೆ ಕೋರ್ಟು ಕಚೇರಿಯ ಸಹವಾಸ’ ಎಂದು ಹಿಂದೆ ಸರಿದಾಗ ನೊಂದ ಕುಟುಂಬಕ್ಕೆ ದೊರೆಯುವ ಶಿಕ್ಷೆಯ ಪ್ರಮಾಣ ಸೊನ್ನೆ. ಬೆದರಿಕೆಗೆ ಒಳಗಾಗುವವರಿಗಾಗಿ 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ಸಂತ್ರಸ್ತರ ಪರಿಹಾರಕ್ಕಾಗಿ ಕರ್ನಾಟಕದಲ್ಲಿ 2011ರಿಂದ ಯೋಜನೆಯಿದೆ; ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ನೆರೆಮನೆಯಲ್ಲಿ ಇಂತಹ ದುಃಖ ನಡೆದಿದ್ದರೆ ಈ ಮಾತನ್ನು ಅವರಿಗೆ ತಿಳಿಸುವುದು, ಸಾಕ್ಷಿ ಹೇಳುವ ದಿನ ಅವರ ಜೊತೆಗೆ ನ್ಯಾಯಾಲಯದವರೆಗೆ ಹೋಗಿಬರುವುದು ಯಾರಿಂದಲಾದರೂ ಸಾಧ್ಯವಾದ ಕೆಲಸ.

ಕಡೆಯದಾಗಿ, ಆ ಕನಿಷ್ಠ ವರ್ಷಗಳ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿ, ಮೈಸೂರು ಮೊದಲಾದ ಸೆರೆಮನೆಗಳ ಕೈದಿಗಳಿಗೆ ನಾಟಕ ಕಲಿಸಿ ವೇದಿಕೆಗೆ ತಂದರು. ಜೀವಾವಧಿ ಶಿಕ್ಷೆಯವರು ಊರೂರಿನ ಜನರ ಮುಂದೆ ನಿಂತು ಬೇರೊಬ್ಬರ ನೋವನ್ನು ತಮ್ಮ ಬಾಯಲ್ಲಿ ಆಡಿದರು. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ 1867ರಲ್ಲಿ ಕಟ್ಟಿದ್ದು. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಅದು ಸ್ವಾತಂತ್ರ್ಯ ಉದ್ಯಾನವಾಯಿತು. ಅಲ್ಲಿ ಉಳಿಸಿಕೊಂಡಿರುವ ಕೋಣೆಗಳ ಮುಂದೆ ಮಕ್ಕಳೊಡನೆ ಹಾದುಹೋಗುವ ಕುಟುಂಬಗಳಿಗೆ, ಒಬ್ಬ ಮನುಷ್ಯ ಹದಿನಾಲ್ಕು ವರ್ಷಗಳನ್ನು ಎಷ್ಟು ಅಡಿ ಜಾಗದಲ್ಲಿ ಕಳೆಯುತ್ತಾನೆಂಬುದು ಕಣ್ಣಿಗೇ ಕಾಣುತ್ತದೆ. ಆ ವರ್ಷಗಳು ನೊಂದವರಿಗೆ ಕೊಟ್ಟ ಮಾತು. ಆದ್ದರಿಂದ ಅವು ಪೂರ್ತಿ ಸಲ್ಲಬೇಕು. ಅವು ಒಬ್ಬ ಮನುಷ್ಯನ ಬಾಳಿನ ವರ್ಷಗಳೂ ಹೌದು. ಆದ್ದರಿಂದ ವ್ಯರ್ಥವಾಗಿ ಸವೆಯಬಾರದು.